ಹಳೆಯ ಮ್ಯಾಸ್ಸಿ 35 ರೋಟವೇಟರ್ ಕೆಲಸದಲ್ಲಿ ಕುದಿಯುತ್ತಿದೆ: ಕಾರಿನ ರೇಡಿಯೇಟರ್, ಎಲೆಕ್ಟ್ರಿಕ್ ಫ್ಯಾನ್ ಹಾಕಬಹುದೇ?

ಮುಧೋಳದ ಕಬ್ಬು

ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜ 1960ರ ದಶಕದಲ್ಲಿ ಕೊಂಡ ಮ್ಯಾಸ್ಸಿ ಫರ್ಗ್ಯೂಸನ್ 35 ಈಗಲೂ ನಮ್ಮ ಹೊಲದಲ್ಲಿ ದುಡಿಯುತ್ತಿದೆ. ಪರ್ಕಿನ್ಸ್ ಮೂರು ಸಿಲಿಂಡರ್ ಡೀಸೆಲ್ ಎಂಜಿನ್. ಕುಂಟೆ ಹೊಡೆಯುವುದಕ್ಕೆ, ಗೊಬ್ಬರದ ಟ್ರಾಲಿ ಎಳೆಯುವುದಕ್ಕೆ ಯಾವ ತೊಂದರೆಯೂ ಇಲ್ಲ. ಆದರೆ ಕಬ್ಬಿನ ಕೂಳೆ ಕಿತ್ತು ಮಣ್ಣು ಪುಡಿ ಮಾಡುವ ರೋಟವೇಟರ್ ಹೊಡೆಯಲು ಇಳಿಸಿದರೆ ಅರ್ಧ ಗಂಟೆಯೊಳಗೆ ರೇಡಿಯೇಟರ್ ಕ್ಯಾಪಿನ ಬದಿಯಿಂದ ನೀರು ಚಿಮ್ಮುತ್ತದೆ. ಊರಿನ ಮೇಸ್ತ್ರಿ ಹಿಂದೆಯೇ ಥರ್ಮೋಸ್ಟಾಟ್ (ನೀರು ಕಾಯುವವರೆಗೆ ರೇಡಿಯೇಟರಿನ ದಾರಿ ಮುಚ್ಚಿಡುವ ಕವಾಟ) ಕಿತ್ತು ಹಾಕಿದ್ದಾರೆ. ಈಗ ಅವರು ಹೇಳುವುದೇನೆಂದರೆ, ಹಳೆಯ ರೇಡಿಯೇಟರ್ ತೆಗೆದು ಕಾರಿನ ಅಲ್ಯೂಮಿನಿಯಂ ರೇಡಿಯೇಟರ್ ಕೂರಿಸಿ, ಮುಂದೆ ಎಲೆಕ್ಟ್ರಿಕ್ ಫ್ಯಾನ್ ಹಾಕಿಬಿಡೋಣ. ಗಾಡಿಯನ್ನು ಮಾರುವ ಮಾತೇ ಇಲ್ಲ, ಅಜ್ಜನ ಕೈ ಆಡಿದ ಯಂತ್ರ. ಹೀಗೆ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಶಿರಾ ಟ್ರಾಲಿ

ನಾನು ಹಳೆಯ ಎಚ್‌ಎಂಟಿ ಟ್ರ್ಯಾಕ್ಟರಿಗೆ ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿದ್ದೇನೆ. ಇಟ್ಟಿಗೆ ಟ್ರಾಲಿಗೆ ಮಾತ್ರ ಬಳಸುತ್ತೇನೆ, ಚೆನ್ನಾಗಿಯೇ ಇದೆ. ಬೆಳಿಗ್ಗೆ ಎಂಜಿನ್ ಬೇಗ ಬಿಸಿಯಾಗುತ್ತದೆ, ಸದ್ದೂ ಕಡಿಮೆ. ಧೈರ್ಯವಾಗಿ ಹಾಕಿಸಿ.

ಹುಬ್ಬಳ್ಳಿ ಗ್ಯಾರೇಜ್

ತಮ್ಮ, ಸ್ವಲ್ಪ ತಡೆ. ಶಿರಾದವರ ಅನುಭವ ಸುಳ್ಳಲ್ಲ, ಆದರೆ ಟ್ರಾಲಿ ಎಳೆಯುವುದೇ ಬೇರೆ, ರೋಟವೇಟರ್ ಹೊಡೆಯುವುದೇ ಬೇರೆ. ಟ್ರಾಲಿಯಲ್ಲಿ ಎಂಜಿನ್ ಪೂರ್ತಿ ಶಕ್ತಿ ಕೊಡುವುದು ಏರಿನಲ್ಲಿ ಮಾತ್ರ. ರೋಟವೇಟರಿನಲ್ಲಿ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ ಪೂರ್ತಿ ಶಕ್ತಿ ಬೇಕು, ಅದೂ ಎತ್ತಿನ ನಡಿಗೆಗಿಂತ ನಿಧಾನವಾದ ವೇಗದಲ್ಲಿ. ಎದುರುಗಾಳಿಯ ನೆರವು ಸಿಗುವುದೇ ಇಲ್ಲ. ರೇಡಿಯೇಟರಿಗೆ ಸಿಗುವುದು ಫ್ಯಾನ್ ಎಳೆದಷ್ಟೇ ಗಾಳಿ.

ಇನ್ನೊಂದು ವಿಷಯ ವಿದ್ಯುತ್ತಿನದು. ನಿನ್ನ ಗಾಡಿಯಲ್ಲಿ ಹಳೆಯ ಡೈನಮೋ ಇದ್ದರೆ ಅದು ಕೊಡುವುದು ಹೆಚ್ಚೆಂದರೆ 20 ಆಂಪಿಯರ್ ಆಸುಪಾಸು, ಅದೂ ಎಂಜಿನ್ ವೇಗವಾಗಿ ಓಡುವಾಗ. 200 ವಾಟಿನ ಫ್ಯಾನ್ ಒಂದೇ 12 ವೋಲ್ಟಿನಲ್ಲಿ 17 ಆಂಪಿಯರ್ ತಿನ್ನುತ್ತದೆ. ರಾತ್ರಿ ದೀಪ ಹಾಕಿಕೊಂಡು ಉಳುಮೆ ಮಾಡುವವರಾದರೆ ಬ್ಯಾಟರಿ ಕೆಳಗಿಳಿಯುತ್ತಲೇ ಹೋಗುತ್ತದೆ. ಹಾಗಾಗಿ ಹೆಚ್ಚು ವಿದ್ಯುತ್ ಕೊಡುವ ಆಲ್ಟರ್ನೇಟರೂ ಬೇಕು, ರಿಲೇ ಬೇಕು, ದಪ್ಪ ವೈರ್ ಬೇಕು. ಇಷ್ಟೆಲ್ಲ ಮಾಡಿದ ಮೇಲೆಯೂ ಸಿಗುವ ಗಾಳಿ ಎಂಜಿನ್ನಿನ ಸ್ವಂತ ಫ್ಯಾನಿನಷ್ಟು ಇರುತ್ತದೆ ಎಂಬ ಭರವಸೆ ಇಲ್ಲ.

ನಾನು ಈ ಎಂಜಿನ್ನುಗಳ ಜೊತೆಯಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು. 35 ಅಶ್ವಶಕ್ತಿಗೆ ಬೇಕಾದ ತಂಪು ಕೊಡುವ ರೇಡಿಯೇಟರನ್ನೇ ಕಂಪನಿಯವರು ಕೂರಿಸಿದ್ದರು. ಹೊಸದಿದ್ದಾಗ ಕುದಿಯದ ಗಾಡಿ ಈಗ ಕುದಿಯುತ್ತದೆ ಎಂದರೆ ನಡುವೆ ಏನೋ ಕೆಟ್ಟಿದೆ. ಅದನ್ನು ಹುಡುಕದೆ ಹೊಸದನ್ನು ಕೂರಿಸಿದರೆ ಕೆಟ್ಟದ್ದು ಒಳಗೇ ಉಳಿಯುತ್ತದೆ.

ಮುಧೋಳದ ಕಬ್ಬು

ಕಾಕಾ, ಎಲ್ಲಿಂದ ಹುಡುಕಲು ಶುರು ಮಾಡಬೇಕು? ಮೇಸ್ತ್ರಿ ಹೇಳುವುದು, ಥರ್ಮೋಸ್ಟಾಟ್ ಇಲ್ಲದ್ದರಿಂದ ನೀರು ಬಹಳ ಜೋರಾಗಿ ಓಡುತ್ತಿದೆ, ರೇಡಿಯೇಟರಿನಲ್ಲಿ ತಣ್ಣಗಾಗಲು ಅದಕ್ಕೆ ಸಮಯವೇ ಸಿಗುತ್ತಿಲ್ಲ ಎಂದು. ಇದು ನಿಜವೇ?

ಸುರತ್ಕಲ್ ಮೆಕ್ಯಾನಿಕಲ್

ಈ ಮಾತು ಎಲ್ಲ ಗ್ಯಾರೇಜುಗಳಲ್ಲೂ ಕೇಳಿಬರುತ್ತದೆ, ಆದರೆ ಸರಿಯಲ್ಲ. ನೀರು ಜೋರಾಗಿ ಹರಿದರೆ ಒಂದು ಸುತ್ತಿನಲ್ಲಿ ಕಡಿಮೆ ತಣ್ಣಗಾಗುವುದು ನಿಜ, ಆದರೆ ಒಂದು ನಿಮಿಷದಲ್ಲಿ ಅಷ್ಟೇ ಹೆಚ್ಚು ಸುತ್ತು ಬರುತ್ತದೆ. ಒಟ್ಟಾರೆ ಹೊರಹೋಗುವ ಶಾಖ ಹೆಚ್ಚೇ ಆಗುತ್ತದೆ, ಕಡಿಮೆಯಾಗುವುದಿಲ್ಲ.

ಒಂದು ಅಂದಾಜು ಲೆಕ್ಕ ಮಾಡೋಣ. 35 ಅಶ್ವಶಕ್ತಿ ಎಂದರೆ ಸುಮಾರು 26 ಕಿಲೋವಾಟ್. ಇಂಥ ಡೀಸೆಲ್ ಎಂಜಿನ್ ಪೂರ್ತಿ ಹೊರೆಯಲ್ಲಿ ಸುಮಾರು 20ರಿಂದ 22 ಕಿಲೋವಾಟ್ ಶಾಖವನ್ನು ನೀರಿಗೆ ಬಿಡುತ್ತದೆ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 60 ಲೀಟರ್ ನೀರು ಹರಿದರೆ ಮೇಲಿನ ಟ್ಯಾಂಕಿಗೂ ಕೆಳಗಿನ ಟ್ಯಾಂಕಿಗೂ ಇರುವ ಬಿಸಿಯ ವ್ಯತ್ಯಾಸ ಐದಾರು ಡಿಗ್ರಿ. ಹರಿವು ನಿಮಿಷಕ್ಕೆ 20 ಲೀಟರಿಗೆ ಕುಸಿದರೆ ಅದೇ ವ್ಯತ್ಯಾಸ 15 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ನಿಮಗೆ ಬೇಕಾದ ಪರೀಕ್ಷೆ ಇದರಲ್ಲೇ ಇದೆ. ವ್ಯತ್ಯಾಸ ದೊಡ್ಡದಿದ್ದರೆ ನೀರು ಸರಿಯಾಗಿ ಓಡುತ್ತಿಲ್ಲ: ಪಂಪ್, ಬೆಲ್ಟ್, ಕಟ್ಟಿಕೊಂಡ ನಾಳ, ಒಳಗೆ ಕುಸಿದ ಹೋಸ್. ವ್ಯತ್ಯಾಸ ಚಿಕ್ಕದು, ಆದರೆ ಎರಡೂ ಟ್ಯಾಂಕ್ ಸುಡುತ್ತಿವೆ ಎಂದಾದರೆ ಗಾಳಿ ಸಾಲುತ್ತಿಲ್ಲ: ಫ್ಯಾನ್, ರೇಡಿಯೇಟರಿನ ತೆಳು ತಗಡುಗಳಾದ ಫಿನ್ನುಗಳ ನಡುವೆ ತುಂಬಿದ ಹೊಟ್ಟು, ಇಲ್ಲದ ಶ್ರೌಡ್ (ಫ್ಯಾನಿನ ಸುತ್ತಲಿನ ಆವರಣ).

ಅಳೆಯಲು ಬಿಸಿ ಅಳೆಯುವ ಗನ್ ಸಾಕು. ಆದರೆ ಹೊಳೆಯುವ ಹಿತ್ತಾಳೆಯ ಮೇಲೆ ಅದನ್ನು ಹಿಡಿದರೆ ಇರುವುದಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಎರಡೂ ಟ್ಯಾಂಕಿನ ಮೇಲೆ ಕಪ್ಪು ಇನ್ಸುಲೇಷನ್ ಟೇಪಿನ ತುಂಡು ಅಂಟಿಸಿ, ಆ ಟೇಪಿನ ಮೇಲೆಯೇ ಅಳೆಯಿರಿ.

ಥರ್ಮೋಸ್ಟಾಟ್ ತೆಗೆದದ್ದರ ನಿಜವಾದ ತೊಂದರೆ ಬೇರೆ. ಒಂದು, ಹಗುರ ಕೆಲಸದಲ್ಲಿ ಎಂಜಿನ್ ಬಿಸಿಯೇ ಏರುವುದಿಲ್ಲ. ತಣ್ಣನೆಯ ಸಿಲಿಂಡರಿನಲ್ಲಿ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಆಯಿಲ್ ಕೆಡುತ್ತದೆ, ಸಿಲಿಂಡರಿನ ಒಳಗೋಡೆಯಾದ ಲೈನರ್ ಬೇಗ ಸವೆಯುತ್ತದೆ. ಎರಡು, ಪಂಪಿಗೆ ಹಿಂತಿರುಗುವ ಸಣ್ಣ ಬೈಪಾಸ್ ಹೋಸ್ ಇದೆಯಲ್ಲ, ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಅದೇ ಆ ದಾರಿಯನ್ನು ಮುಚ್ಚುತ್ತದೆ. ಕಿತ್ತುಹಾಕಿದರೆ ಆ ದಾರಿ ಸದಾ ತೆರೆದೇ ಇದ್ದು, ಒಂದಷ್ಟು ನೀರು ರೇಡಿಯೇಟರಿಗೆ ಹೋಗದೆಯೇ ತಿರುಗುತ್ತಿರುತ್ತದೆ.

ಕೋಲಾರದ ಬೋರ್‌ವೆಲ್

ಒಳಗೆ ಯಾವ ನೀರು ಹಾಕುತ್ತಿದ್ದೀರಿ? ನಮ್ಮ ಕಡೆ ಇದೇ ದೊಡ್ಡ ಶತ್ರು. ಬೋರಿನ ಗಡಸು ನೀರು ಕಾದಾಗಲೆಲ್ಲ ಸುಣ್ಣದ ಪದರ ಕಟ್ಟುತ್ತದೆ. ಕುದಿದು ಹೋದಷ್ಟನ್ನೂ ಮತ್ತೆ ಅದೇ ನೀರಿನಿಂದ ತುಂಬುತ್ತಾ ಹೋದರೆ ಪದರ ದಪ್ಪವಾಗುತ್ತಲೇ ಇರುತ್ತದೆ. ಅದು ಬೀಡು ಕಬ್ಬಿಣದ ಹತ್ತನೇ ಒಂದು ಭಾಗದಷ್ಟೂ ಶಾಖವನ್ನು ದಾಟಿಸುವುದಿಲ್ಲ. ನಮ್ಮ ತಂದೆಯವರ ಕಾಲದಲ್ಲಿ ಡೀಸೆಲ್ ಪಂಪ್‌ಸೆಟ್ಟಿಗೆ ದೊಡ್ಡ ಡ್ರಮ್ಮಿನಲ್ಲಿ ನೀರು ತುಂಬಿ ಎಂಜಿನ್ನಿಗೆ ಜೋಡಿಸುತ್ತಿದ್ದರು. ಟ್ರ್ಯಾಕ್ಟರನ್ನು ಒಂದೇ ಕಡೆ ನಿಲ್ಲಿಸಿ ಒಕ್ಕಣೆ ಮಾಡುವಾಗ ಅದೇ ರೀತಿ ಡ್ರಮ್ ಜೋಡಿಸಬಹುದೇ ಎಂಬುದು ನನ್ನ ಪ್ರಶ್ನೆಯೂ ಹೌದು.

ಹುಬ್ಬಳ್ಳಿ ಗ್ಯಾರೇಜ್

ಡ್ರಮ್ ಜೋಡಿಸಿದರೆ ನೀರು ಸುತ್ತಿ ಸುತ್ತಿ ಬರುತ್ತದೆ, ಬೆಚ್ಚಗೇ ಇರುತ್ತದೆ, ಅದರಿಂದ ಅಪಾಯವಿಲ್ಲ. ಆದರೆ ಹಲವರು ಬೋರಿನ ಪೈಪನ್ನೇ ನೇರವಾಗಿ ಎಂಜಿನ್ನಿಗೆ ಹಾಕಿಬಿಡುತ್ತಾರೆ. ಕಾದ ಬೀಡಿಗೆ ಒಮ್ಮೆಲೇ ತಣ್ಣೀರು ತಗುಲಿದರೆ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಬಿರುಕು ಬಿಡುತ್ತದೆ. ಕುದಿಯುವ ರೇಡಿಯೇಟರಿಗೆ ಕೊಡಪಾನದಿಂದ ತಣ್ಣೀರು ಸುರಿಯುವವರಿಗೂ ಇದೇ ಮಾತು. ಗಾಡಿ ಕುದಿದರೆ ರೋಟವೇಟರ್ ಎತ್ತಿ, ಹೊರೆ ಇಳಿಸಿ, ಎಂಜಿನ್ ನಿಧಾನ ವೇಗದಲ್ಲಿ ಓಡಲಿ. ಕ್ಯಾಪ್ ಮುಟ್ಟಬೇಡಿ. ಬಿಸಿ ಕ್ಯಾಪ್ ತೆರೆದು ಮುಖ ಸುಟ್ಟುಕೊಂಡವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೇನೆ, ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಕಬ್ಬಿನ ತಮ್ಮ, ಬೇರೆ ಎಲ್ಲಕ್ಕಿಂತ ಮೊದಲು ಹೆಡ್ ಗ್ಯಾಸ್ಕೆಟ್ (ಹೆಡ್ ಕೆಳಗಿನ ಸೀಲ್) ನೋಡು. ತಣ್ಣನೆಯ ಎಂಜಿನ್ನಿನಲ್ಲಿ ಕ್ಯಾಪ್ ತೆಗೆದಿಟ್ಟು ಸ್ಟಾರ್ಟ್ ಮಾಡು. ಸ್ಟಾರ್ಟ್ ಮಾಡಿದ ಕೂಡಲೇ ಬಾಯಿಯಲ್ಲಿ ಸತತವಾಗಿ ಗುಳ್ಳೆ ಏಳುತ್ತಿದ್ದರೆ ಸಿಲಿಂಡರಿನ ಹೊಗೆ ನೀರಿಗೆ ನುಗ್ಗುತ್ತಿದೆ ಎಂದರ್ಥ. ಹಾಗಿದ್ದರೆ ಯಾವ ರೇಡಿಯೇಟರ್ ಹಾಕಿದರೂ ಪ್ರಯೋಜನವಿಲ್ಲ.

ಮುಧೋಳದ ಕಬ್ಬು

ನೋಡಿದೆ ಕಾಕಾ. ಗುಳ್ಳೆ ಬರಲಿಲ್ಲ, ಆಯಿಲಿನಲ್ಲಿ ನೀರೂ ಇಲ್ಲ. ಟೇಪ್ ಅಂಟಿಸಿ ರೋಟವೇಟರ್ ಹೊಡೆಯುತ್ತಾ ಅಳೆದೆ. ಚಿಮ್ಮುವುದಕ್ಕೆ ಸ್ವಲ್ಪ ಮುಂಚೆ ಮೇಲಿನ ಟ್ಯಾಂಕ್ 101, ಕೆಳಗಿನದು 79. ಇಪ್ಪತ್ತೆರಡು ಡಿಗ್ರಿ ವ್ಯತ್ಯಾಸ. ಮುಂಭಾಗದಿಂದ ಅಡ್ಡಡ್ಡವಾಗಿ ಅಳೆದಾಗ ಎಡಗಡೆಯ ಒಂದು ಪಟ್ಟಿ ಬರೀ 55 ತೋರಿಸಿತು. ನೀರು ಬೋರಿನದೇ, ಬೇರೆ ಏನನ್ನೂ ಬೆರೆಸಿಲ್ಲ.

ದಾವಣಗೆರೆ ರೇಡಿಯೇಟರ್

ನನ್ನದು ರೇಡಿಯೇಟರ್ ಬೆಸುಗೆ ಅಂಗಡಿ. ಎಡಗಡೆಯ ತಣ್ಣನೆ ಪಟ್ಟಿ ಎಂದರೆ ಅಲ್ಲಿನ ನಾಳಗಳು ಮುಚ್ಚಿಹೋಗಿವೆ, ಬಿಸಿ ನೀರು ಅಲ್ಲಿಗೆ ತಲುಪುತ್ತಲೇ ಇಲ್ಲ. ಟ್ಯಾಂಕ್ ಬಿಚ್ಚಿಸಿ ಕಡ್ಡಿ ಆಡಿಸಬೇಕು, ನಾಳಗಳು ಸವೆದಿದ್ದರೆ ಹೊಸ ಕೋರ್ (ನಾಳ, ಫಿನ್ನುಗಳಿರುವ ನಡುಭಾಗ) ಹಾಕಿಸಬೇಕು. ತಾಮ್ರ, ಹಿತ್ತಾಳೆಯ ಟ್ಯಾಂಕುಗಳನ್ನು ಮಾತ್ರ ದಯವಿಟ್ಟು ಗುಜರಿಗೆ ಹಾಕಬೇಡಿ. ಅವು ಬೆಸುಗೆಯಿಂದ ಎಷ್ಟು ಸಲವಾದರೂ ದುರಸ್ತಿಯಾಗುತ್ತವೆ. ಅಲ್ಯೂಮಿನಿಯಂ ಒಡೆದರೆ ಹಳ್ಳಿಯಲ್ಲಿ ಸರಿಮಾಡಿಸುವುದು ಕಷ್ಟ.

ಕಾರಿನ ರೇಡಿಯೇಟರ್ ಬೇಡ ಎನ್ನಲು ಇನ್ನೂ ಒಂದು ಕಾರಣವಿದೆ. ಕಾರಿನ ಕೋರಿನಲ್ಲಿ ಫಿನ್ನುಗಳು ಬಹಳ ಒತ್ತೊತ್ತಾಗಿರುತ್ತವೆ. ಡಾಂಬರು ರಸ್ತೆಗೆ ಅದು ಸರಿ. ಹೊಲದಲ್ಲಿ ಜೋಳದ ಹೊಟ್ಟು, ಕಬ್ಬಿನ ರವದಿಯ ಪುಡಿ, ಎರೆ ಮಣ್ಣಿನ ಧೂಳು ಒಂದು ದಿನದಲ್ಲೇ ಅದನ್ನು ಮುಚ್ಚಿಬಿಡುತ್ತವೆ. ಟ್ರ್ಯಾಕ್ಟರ್ ಕೋರಿನಲ್ಲಿ ಫಿನ್ನುಗಳನ್ನು ಅಗಲಗಲವಾಗಿ ಇಟ್ಟಿರುವುದು ಇದಕ್ಕಾಗಿಯೇ. ಮೇಲಾಗಿ ಈ ಗಾಡಿಯ ಮುಂದಿನ ಆಕ್ಸಲಿಗೆ ಸ್ಪ್ರಿಂಗ್ ಇಲ್ಲ. ಬದು ದಾಟುವಾಗಿನ ಏಟೆಲ್ಲ ನೇರವಾಗಿ ರೇಡಿಯೇಟರಿಗೆ ಬೀಳುತ್ತದೆ, ಕಾರಿನದು ಅದನ್ನು ತಡೆಯುವಂತೆ ಮಾಡಿದ್ದಲ್ಲ.

ಕೋರ್ ಹಾಕಿಸುವಾಗ ಹಲವರು ನಾಳಗಳ ಸಾಲು ಹೆಚ್ಚಿಸಿ ಎನ್ನುತ್ತಾರೆ. ಒಂದು ಸಾಲು ಹೆಚ್ಚಿಸಿದರೆ ಸ್ವಲ್ಪ ಲಾಭವಿದೆ. ಅದಕ್ಕಿಂತ ಹೆಚ್ಚಿಸಿದರೆ ಹಿಂದಿನ ಸಾಲುಗಳಿಗೆ ಸಿಗುವುದು ಆಗಲೇ ಕಾದ ಗಾಳಿ, ಜೊತೆಗೆ ಗಾಳಿ ನುಗ್ಗುವುದೂ ಕಷ್ಟವಾಗುತ್ತದೆ.

ಶಿರಾ ಟ್ರಾಲಿ

ಒಪ್ಪಿದೆ. ನನ್ನ ಕೆಲಸಕ್ಕೆ ಸರಿಹೋಗಿದ್ದು ಅವರ ಕೆಲಸಕ್ಕೂ ಆಗಬೇಕೆಂದಿಲ್ಲ. ಆದರೆ ಹೆಚ್ಚು ಒತ್ತಡದ ಕ್ಯಾಪ್ ಹಾಕಿದರೆ ಕುದಿಯುವುದೇ ತಡವಾಗುತ್ತದಲ್ಲವೇ? ಕಾರಿನ ಕ್ಯಾಪ್ ಸುಲಭವಾಗಿ ಸಿಗುತ್ತದೆ.

ಸುರತ್ಕಲ್ ಮೆಕ್ಯಾನಿಕಲ್

ತಡವಾಗುವುದು ನಿಜ. ಮುಧೋಳ ಸಮುದ್ರಮಟ್ಟದಿಂದ ಐನೂರು ಮೀಟರಿಗೂ ಎತ್ತರದಲ್ಲಿದೆ, ಅಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. 7 ಪಿಎಸ್‌ಐ (ಒತ್ತಡದ ಅಳತೆ) ಕ್ಯಾಪ್ ಸರಿಯಾಗಿ ಹಿಡಿದರೆ ಕುದಿಯುವ ಮಟ್ಟ ಸುಮಾರು 110ಕ್ಕೆ ಏರುತ್ತದೆ. ಇವರದು 101ರಲ್ಲೇ ಚಿಮ್ಮುತ್ತಿದೆ ಎಂದರೆ ಕ್ಯಾಪಿನ ರಬ್ಬರ್ ಹೋಗಿದೆ ಅಥವಾ ಸ್ಪ್ರಿಂಗ್ ಸಡಿಲವಾಗಿದೆ. ಹಾಗಾಗಿ ಹೊಸ ಕ್ಯಾಪ್ ಬೇಕೇ ಬೇಕು, ಆದರೆ ಅದೇ 7 ಪಿಎಸ್‌ಐನದು. 15ರದು ಹಾಕಿದರೆ ಹಳೆಯ ಬೆಸುಗೆಯ ಟ್ಯಾಂಕ್ ಬಾಯಿ ಬಿಡುತ್ತದೆ. ಒತ್ತಡ ಏರಿಸುವುದರಿಂದ ಶಾಖವೇನೂ ಹೊರಹೋಗುವುದಿಲ್ಲ, ಎಂಜಿನ್ ಇನ್ನಷ್ಟು ಕಾಯಲು ಅವಕಾಶ ಸಿಗುತ್ತದೆ ಅಷ್ಟೇ.

ವಿಸ್ಕಾನ್ಸಿನ್ ಕನ್ನಡಿಗ

ನಾನು ಇಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್‌ನವರ ಹಳೆಯ ಫಾರ್ಮಾಲ್ ಕಬ್ ಒಂದನ್ನು ಇಟ್ಟುಕೊಂಡಿದ್ದೇನೆ. 1947ರಿಂದ ತಯಾರಾದ ಪುಟ್ಟ ಪೆಟ್ರೋಲ್ ಟ್ರ್ಯಾಕ್ಟರ್. ಅದರಲ್ಲಿ ನೀರಿನ ಪಂಪೇ ಇಲ್ಲ. ಕಾದ ನೀರು ಹಗುರವಾಗಿ ಮೇಲೇರಿ ದಪ್ಪ ಹೋಸಿನ ಮೂಲಕ ರೇಡಿಯೇಟರಿಗೆ ಹೋಗುತ್ತದೆ, ತಣಿದದ್ದು ಭಾರವಾಗಿ ಕೆಳಗಿಳಿದು ಎಂಜಿನ್ನಿಗೆ ಮರಳುತ್ತದೆ. ಮೇಲಿನ ಹೋಸಿನ ಬಾಯಿಗಿಂತ ನೀರು ಕೆಳಗಿಳಿಯಿತೋ ಸುತ್ತು ಅಲ್ಲಿಗೇ ನಿಲ್ಲುತ್ತದೆ. ಇಂಥ ಫಾರ್ಮಾಲ್‌ಗಳಿಗೆ ಹೊರಗಿನಿಂದ ಪಂಪ್ ಜೋಡಿಸುವ ಕಿಟ್ ಮಾರುತ್ತಾರೆ. ಹುಲ್ಲು ಕತ್ತರಿಸುವ ಗಟ್ಟಿ ಕೆಲಸವಿರುವವರು ಹಾಕಿಸುತ್ತಾರೆ. ನಾನು ಹಾಕಿಸಿಲ್ಲ. ನಾಳ ಶುದ್ಧವಾಗಿದ್ದರೆ, ನೀರಿನ ಮಟ್ಟ ಸರಿಯಿದ್ದರೆ ಪಂಪಿಲ್ಲದೆಯೇ ಅದು ತನ್ನ ಕೆಲಸ ಮಾಡುತ್ತದೆ. ನಿಮ್ಮ ಗಾಡಿಯಲ್ಲಿ ಪಂಪ್ ಇದ್ದೂ ನೀರು ಓಡುತ್ತಿಲ್ಲ ಎಂದರೆ ಪಂಪನ್ನು ಬಿಚ್ಚಿ ನೋಡಲೇಬೇಕು.

ಕೊಪ್ಪದ ಅಡಿಕೆ ತೋಟ

ನೀರಿನ ವಿಷಯಕ್ಕೆ ಒಂದು ಮಾತು. ನಾವು ಮಲೆನಾಡಿನವರು ಮೊದಲ ಒಂದೆರಡು ಮಳೆ ಬಿಟ್ಟು, ನಂತರದ ಮಳೆನೀರನ್ನು ಹಂಚಿನ ಮಾಡಿನಿಂದ ಹಿಡಿದು ಬಟ್ಟೆಯಲ್ಲಿ ಸೋಸಿ ಕ್ಯಾನಿನಲ್ಲಿ ಇಡುತ್ತೇವೆ. ಸುಣ್ಣದ ಅಂಶವೇ ಇರುವುದಿಲ್ಲ. ನಿಮ್ಮ ಕಡೆ ಮಳೆ ಕಡಿಮೆಯಾದರೂ ಒಂದು ವರ್ಷಕ್ಕೆ ಗಾಡಿಗೆ ಬೇಕಾದಷ್ಟು ಸಿಕ್ಕೇ ಸಿಗುತ್ತದೆ.

ಸುರತ್ಕಲ್ ಮೆಕ್ಯಾನಿಕಲ್

ಒಳ್ಳೆಯ ಸಲಹೆ. ಅದಕ್ಕೆ ಮೂರನೇ ಒಂದು ಭಾಗ ಕೂಲಂಟ್ ಬೆರೆಸಿ. ಇಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇಲ್ಲ, ಆದ್ದರಿಂದ ಅರ್ಧಕ್ಕರ್ಧ ಬೇಕಿಲ್ಲ. ಬರೀ ನೀರು ಕೂಲಂಟ್ ಬೆರೆತ ನೀರಿಗಿಂತ ಹೆಚ್ಚು ಶಾಖ ಹೊರುತ್ತದೆ. ನಮಗೆ ಕೂಲಂಟ್ ಬೇಕಿರುವುದು ತುಕ್ಕು ತಡೆಯಲು, ಪಂಪಿನ ಸೀಲ್ ಕಾಪಾಡಲು.

ಮುಧೋಳದ ಕಬ್ಬು

ಎಲ್ಲವನ್ನೂ ಬಿಚ್ಚಿದೆವು. ಮೇಸ್ತ್ರಿಯವರಿಗೆ ಈ ಲೆಕ್ಕವನ್ನೆಲ್ಲ ತೋರಿಸಿದೆ, ಅವರೂ ಆಸಕ್ತಿಯಿಂದ ಕೂತು ಕೆಲಸ ಮಾಡಿದರು.

ಪಂಪಿನ ಒಳಗಿನ ಚಕ್ರದ ಎಲೆಗಳ ಅಂಚು ತುಕ್ಕು ತಿಂದು ಗುಂಡಗಾಗಿತ್ತು. ಹೊಸ ಪಂಪಿನ ಪಕ್ಕದಲ್ಲಿಟ್ಟಾಗ ಎಲೆಯ ಎತ್ತರ ಕಾಲು ಭಾಗ ಕಡಿಮೆ ಇದ್ದದ್ದು ಕಣ್ಣಿಗೇ ಕಂಡಿತು. ಎಂಜಿನ್ ಬ್ಲಾಕಿನ ಪಕ್ಕದ ನೀರು ಬಿಡುವ ನಲ್ಲಿ ತಿರುಗಿಸಿದರೆ ಒಂದು ಹನಿಯೂ ಬರಲಿಲ್ಲ. ನಲ್ಲಿಯನ್ನೇ ಕಳಚಿ ತಂತಿ ಆಡಿಸಿದಾಗ ಮೊದಲು ಕೆಂಪು ಕೆಸರು, ಆಮೇಲೆ ಉಗುರಿನಗಲದ ಸುಣ್ಣದ ಚಕ್ಕೆಗಳು, ಕೊನೆಗೆ ನೀರು ಬಂತು. ಹಿಂದಿನ ಸಿಲಿಂಡರಿನ ಸುತ್ತ ತಳದಲ್ಲಿ ಗಟ್ಟಿ ಗಸಿ ತುಂಬಿಕೊಂಡಿತ್ತು. ಇನ್ನೊಂದು ಸಂಗತಿ: ಫ್ಯಾನನ್ನು ಹಿಂದೆ ಯಾರೋ ತಿರುವುಮುರುವಾಗಿ ಕೂರಿಸಿದ್ದರು. ಎಲೆಯ ಉಬ್ಬು ಇರಬೇಕಾದ ಕಡೆ ತಗ್ಗು ಇತ್ತು.

ರೇಡಿಯೇಟರ್ ದಾವಣಗೆರೆಯ ಅಣ್ಣನವರ ಅಂಗಡಿಗೆ ಹೋಗಿದೆ. ಬ್ಲಾಕಿನ ಒಳಗಿನ ಸುಣ್ಣ ತೆಗೆಯುವುದು ಹೇಗೆ? ಇಲ್ಲಿ ಕೆಲವರು ಕಕ್ಕಸು ತೊಳೆಯುವ ಆಸಿಡ್ ಹಾಕಿ ಎನ್ನುತ್ತಿದ್ದಾರೆ.

ಹುಬ್ಬಳ್ಳಿ ಗ್ಯಾರೇಜ್

ಬೇಡವೇ ಬೇಡ. ಅದು ಸುಣ್ಣದ ಜೊತೆಗೆ ಕಬ್ಬಿಣವನ್ನೂ ತಿನ್ನುತ್ತದೆ. ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಸಿಡ್ ತಾ. ಹತ್ತು ಲೀಟರ್ ನೀರಿಗೆ ಅರ್ಧ ಕಿಲೋ ಸಾಕು. ಹಳೆಯ ಪಂಪ್, ಹಳೆಯ ಹೋಸುಗಳನ್ನೇ ತಾತ್ಕಾಲಿಕವಾಗಿ ಹಾಕಿ, ರೇಡಿಯೇಟರಿನ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಡ್ರಮ್ ಇಟ್ಟು, ಆ ನೀರನ್ನು ಬೆಚ್ಚಗೆ ಸುತ್ತಿಸು. ಒಂದು ಗಂಟೆಗಿಂತ ಹೆಚ್ಚು ಬಿಡಬೇಡ. ಚೆಲ್ಲಿದ ಮೇಲೆ ಅಡುಗೆ ಸೋಡಾ ಕಲಸಿದ ನೀರಿನಿಂದ ಒಮ್ಮೆ ತೊಳೆದು, ನಂತರ ತಿಳಿನೀರು ಬರುವವರೆಗೆ ಪೈಪ್ ಹಿಡಿ. ನೀರು ಸಹಜವಾಗಿ ಹರಿಯುವ ದಿಕ್ಕಿಗೆ ವಿರುದ್ಧವಾಗಿ ಹಿಡಿದರೆ ಸಿಕ್ಕಿಕೊಂಡ ಚಕ್ಕೆಗಳು ಹೊರಬರುತ್ತವೆ. ಬ್ಲಾಕಿನ ತಗಡಿನ ಪ್ಲಗ್ಗುಗಳು ತೂತು ಬಿದ್ದಿವೆಯೇ ನೋಡು. ತುಕ್ಕು ಹಿಡಿದಿದ್ದರೆ ಈಗಲೇ ಬದಲಿಸು.

ಫ್ಯಾನ್ ತಿರುವಿ ಕೂರಿಸಿದರೂ ಗಾಳಿ ಅದೇ ದಿಕ್ಕಿಗೆ ಹೋಗುತ್ತದೆ, ಆದರೆ ಬಹಳ ಕಡಿಮೆ. ಅದಕ್ಕಾಗಿಯೇ ಇಷ್ಟು ದಿನ ಯಾರ ಗಮನಕ್ಕೂ ಬಂದಿಲ್ಲ. ಈಗ ಅದನ್ನು ನೆಟ್ಟಗೆ ಕೂರಿಸು, ಬೆಲ್ಟ್ ಹೊಸದು ಹಾಕು.

ಥರ್ಮೋಸ್ಟಾಟ್ 82 ಡಿಗ್ರಿಯದು ತಂದು, ಹಾಕುವ ಮೊದಲು ಪಾತ್ರೆಯ ನೀರಿನಲ್ಲಿ ಕಾಯಿಸಿ ಬಾಯಿ ತೆರೆಯುತ್ತದೆಯೇ ನೋಡಿಕೋ. ಅಂಚಿನಲ್ಲಿ ಗಾಳಿ ಹೋಗುವ ಸಣ್ಣ ರಂಧ್ರ ಇದ್ದರೆ ಅದು ಮೇಲ್ಮುಖವಾಗಿ ಇರಲಿ.

ದಾವಣಗೆರೆ ರೇಡಿಯೇಟರ್

ರೇಡಿಯೇಟರ್ ಸಿದ್ಧವಾಗಿದೆ. ಅರ್ಧಕ್ಕರ್ಧ ನಾಳಗಳು ಮುಚ್ಚಿಹೋಗಿದ್ದವು, ಕಡ್ಡಿಗೆ ಬಿಡಲಿಲ್ಲ. ಹಳೆಯ ಟ್ಯಾಂಕುಗಳನ್ನೇ ಉಳಿಸಿ ಅಗಲ ಫಿನ್ನಿನ ತಾಮ್ರದ ಕೋರ್ ಕಟ್ಟಿದ್ದೇನೆ. ನಿಜವಾಗಿ ಬದಲಾವಣೆ ಮಾಡಬೇಕೆಂದರೆ ಮೂರು ಮಾಡಿ. ಫ್ಯಾನಿನ ಸುತ್ತ ತಗಡಿನ ಶ್ರೌಡ್, ಚೆಲ್ಲುವ ನೀರು ಹಿಡಿಯಲು ಒಂದು ಬಾಟಲಿ, ಮುಂದೆ ಕಳಚಿ ಕೊಡವಲು ಬರುವ ಜಾಲರಿ. ಮೂರೂ ಬೋಲ್ಟಿನಲ್ಲಿ ಕೂರುವಂಥವು, ಗಾಡಿಯ ಮೈಗೆ ಒಂದು ತೂತೂ ಕೊರೆಯಬೇಕಿಲ್ಲ. ಬಾಟಲಿಯ ವಿಷಯದಲ್ಲಿ ಒಂದು ಎಚ್ಚರಿಕೆ: ತಣ್ಣಗಾದಾಗ ನೀರನ್ನು ಹಿಂದಕ್ಕೆ ಎಳೆದುಕೊಳ್ಳುವ ಕ್ಯಾಪೇ ಬೇಕು, ಮೇಲಂಚಿನಲ್ಲೂ ರಬ್ಬರ್ ಇರುವಂಥದ್ದು.

ಮುಧೋಳದ ಕಬ್ಬು

ನಿನ್ನೆ ಮಧ್ಯಾಹ್ನದ ಬಿಸಿಲಲ್ಲಿ ಅದೇ ಹೊಲ, ಅದೇ ರೋಟವೇಟರ್. ಮೇಲಿನ ಟ್ಯಾಂಕ್ 90 ದಾಟಲಿಲ್ಲ, ಕೆಳಗಿನದು 83. ಸಂಜೆಯವರೆಗೂ ಹೊಡೆದೆವು. ಬಾಟಲಿಗೆ ಸ್ವಲ್ಪ ನೀರು ಬಂದಿತ್ತು, ಬೆಳಿಗ್ಗೆ ನೋಡಿದರೆ ಹಿಂದಕ್ಕೆ ಹೋಗಿತ್ತು. ಥರ್ಮೋಸ್ಟಾಟ್ ಹಾಕಿದ ಮೇಲೆ ಬೆಳಗಿನ ಬಿಳಿ ಹೊಗೆಯೂ ಬೇಗ ನಿಲ್ಲುತ್ತಿದೆ. ಅಪ್ಪ ಮಾತಾಡದೆ ಬದುವಿನ ಮೇಲೆ ಕೂತು ಪೂರ್ತಿ ನೋಡಿದರು. ಎಲ್ಲರಿಗೂ ಮನಸಾರೆ ಧನ್ಯವಾದ.

ಕೋಲಾರದ ಬೋರ್‌ವೆಲ್

ಕೇಳಿ ಬಹಳ ಖುಷಿಯಾಯಿತು. ಶ್ರೌಡಿನ ಅಳತೆ ಹಾಕುತ್ತೀರಾ? ನನ್ನ ಗಾಡಿಯದು ಎಂದೋ ಕಳೆದುಹೋಗಿದೆ.

ಮುಧೋಳದ ಕಬ್ಬು

ಟ್ರಂಕು ಮಾಡುವವರ ಹತ್ತಿರ 18 ಗೇಜಿನ ತಗಡಿನಲ್ಲಿ ಎರಡು ಅರ್ಧಗಳಾಗಿ ಮಾಡಿಸಿದೆ. ಹೀಗೆ ಮಾಡಿದರೆ ರೇಡಿಯೇಟರ್ ಬಿಚ್ಚದೆಯೇ ಕೂರಿಸಬಹುದು. ಫ್ಯಾನ್ ಎಲೆಯ ತುದಿಗೂ ತಗಡಿಗೂ ಸುತ್ತಲೂ 20 ಮಿಲಿಮೀಟರ್ ಜಾಗ ಬಿಟ್ಟಿದ್ದೇನೆ. ಎಲೆಯ ಅಗಲದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭಾಗ ಶ್ರೌಡಿನ ಒಳಗಿದೆ, ಉಳಿದದ್ದು ಎಂಜಿನ್ ಕಡೆ ಹೊರಗೆ. ರೇಡಿಯೇಟರಿಗೆ ತಾಗುವ ಅಂಚಿಗೆ ಬಾಗಿಲಿನ ರಬ್ಬರ್ ಬೀಡಿಂಗ್ ಹಾಕಿದ್ದೇನೆ. ಕೆಳಗಿನ ಅರ್ಧದಲ್ಲಿ ಬೆಲ್ಟ್ ಬಿಗಿ ಮಾಡಲು ಸ್ಪ್ಯಾನರ್ ಹೋಗುವಷ್ಟು ಕಿಂಡಿ ಬಿಡಿಸುವುದನ್ನು ಮರೆಯಬೇಡಿ.

ಹುಬ್ಬಳ್ಳಿ ಗ್ಯಾರೇಜ್

ಹೊಸ ಬೆಲ್ಟ್ ಮೊದಲ ವಾರದಲ್ಲೇ ಸಡಿಲವಾಗುತ್ತದೆ ತಮ್ಮ, ಆ ಕಿಂಡಿಯಿಂದ ಒಮ್ಮೆ ಬಿಗಿ ಮಾಡು. ಹೋಸಿನ ಕ್ಲಿಪ್ಪುಗಳನ್ನೂ ಎಂಜಿನ್ ತಣ್ಣಗಿರುವಾಗ ಇನ್ನೊಂದು ಸುತ್ತು ತಿರುಗಿಸು. ಒಂದಷ್ಟು ಗಂಟೆ ಓಡಿದ ಮೇಲೆ ಕೂಲಂಟನ್ನು ಬಕೆಟ್ಟಿಗೆ ಇಳಿಸಿ ನೋಡು. ನಿಂಬೆ ಉಪ್ಪಿಗೆ ಸಡಿಲವಾದ ಚಕ್ಕೆಗಳು ಇನ್ನೂ ಬರುತ್ತವೆ, ಅವು ದಾವಣಗೆರೆಯ ಹೊಸ ಕೋರಿಗೆ ಸೇರಬಾರದು. ಬಟ್ಟೆಯಲ್ಲಿ ಸೋಸಿ ಅದನ್ನೇ ಮತ್ತೆ ತುಂಬಿಸು.